ಫ್ಯಾಕ್ಸ್ ಯಂತ್ರಗಳು ಏನು ಮಾತಾಡಿಕೊಳ್ಳುತ್ತಿದ್ದವು?

ಎಸ್‌ಟಿಡಿ ಬೂತ್‌ಗಳ ಕಾಲ ಕಂಡವರಿಗೆ ಆ ಸದ್ದು ಗೊತ್ತಿರುತ್ತದೆ. ನಂಬರ್ ಒತ್ತಿದ ಮೇಲೆ ಮೊದಲು ರಿಂಗ್. ಆಮೇಲೆ ಕಿವಿಗೆ ಚುಚ್ಚುವಂಥ ಉದ್ದನೆಯ ಸೀಟಿ. ಅದರ ಹಿಂದೆಯೇ ಗರಗರ, ಕಿರಕಿರ. ಇಷ್ಟೆಲ್ಲ ಮುಗಿದ ಮೇಲೆ ಕಾಗದ ನಿಧಾನವಾಗಿ ಯಂತ್ರದೊಳಗೆ ಸರಿಯುತ್ತಿತ್ತು. ಕೊನೆಗೆ ಒಂದು ಸಣ್ಣ ಚೀಟಿ ಹೊರಗೆ ಬರುತ್ತಿತ್ತು. ಅದರ ಮೇಲೆ 'ಓಕೆ' ಎಂದಿದ್ದರೆ ಕಳಿಸಿದವರಿಗೆ ಸಮಾಧಾನ.

ನಾವು ವರದಿಗಾರಿಕೆಗೆ ಬರುವ ಹೊತ್ತಿಗೆ ಫ್ಯಾಕ್ಸ್ ಯಂತ್ರಗಳು ಕಚೇರಿಗಳ ಮೂಲೆ ಸೇರಿದ್ದವು. ಆದರೆ ನಮಗಿಂತ ಹಿರಿಯ ವರದಿಗಾರರು, ಅಡಿಕೆ ಮಂಡಿಯವರು, ವಕೀಲರು, ಸಂಘಟನೆಗಳ ಮುಖಂಡರು ಇದನ್ನು ನಂಬಿ ಕೆಲಸ ಮಾಡಿದವರು. ಕಾಗದ ಇಲ್ಲೇ ಉಳಿಯುತ್ತದೆ, ಆದರೂ ಅಲ್ಲಿ ತಲುಪುತ್ತದೆ. ಹಾಗಾದರೆ ತಂತಿಯಲ್ಲಿ ಹೋದದ್ದು ಏನು? ಆ ಕಿರಕಿರದಲ್ಲಿ ಎರಡು ಯಂತ್ರಗಳು ಏನು ಮಾತಾಡಿಕೊಳ್ಳುತ್ತಿದ್ದವು?

ಇದನ್ನು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು. ತಂತಿಯಲ್ಲಿ ಚಿತ್ರ ಕಳಿಸುವ ಉಪಾಯ ಹೊಳೆದದ್ದು 1843ರಲ್ಲಿ. ಅದು ಜಗತ್ತಿನ ಯಾವ ಕಚೇರಿಯಿಂದ ಯಾವ ಕಚೇರಿಗೆ ಬೇಕಾದರೂ ಹೋಗುವಂತಾದದ್ದು 1980ರಲ್ಲಿ. ನಡುವೆ 137 ವರ್ಷ. ಕಳಿಸುವುದು ಅಷ್ಟು ಕಷ್ಟವಿರಲಿಲ್ಲ. ಎರಡು ಕಡೆಯವರು ಒಂದು ಮಾತಿಗೆ ಬರುವುದೇ ಕಷ್ಟವಾಗಿತ್ತು.

ಫೋನಿಗಿಂತ ಹಳೆಯದು

ಟೆಲಿಫೋನಿಗೆ ಅಲೆಕ್ಸಾಂಡರ್ ಗ್ರಹಾಂ ಬೆಲ್ ಪೇಟೆಂಟ್ ಪಡೆದದ್ದು 1876ರಲ್ಲಿ. ಫ್ಯಾಕ್ಸ್ ಅದಕ್ಕಿಂತ 33 ವರ್ಷ ಹಿರಿಯದು ಎಂದರೆ ಹಲವರಿಗೆ ಆಶ್ಚರ್ಯವಾಗಬಹುದು.

ಸ್ಕಾಟ್ಲೆಂಡಿನ ಉತ್ತರ ತುದಿಯ ಕೈತ್‌ನೆಸ್ ಸೀಮೆಯಲ್ಲಿ ವಾಟನ್ ಎಂಬ ಹಳ್ಳಿಯಿದೆ. ಅಲ್ಲಿನ ಸಣ್ಣ ಗೇಣಿ ರೈತನ ಮಗ ಅಲೆಕ್ಸಾಂಡರ್ ಬೇನ್. ಗಡಿಯಾರ ರಿಪೇರಿಯ ಕೆಲಸ ಕಲಿತು, ಮುಂದೆ ಲಂಡನ್ ಸೇರಿದವನು. ಗಡಿಯಾರ ಗೊತ್ತಿದ್ದವನಿಗೆ ಹೊಳೆದ ಉಪಾಯವೂ ಗಡಿಯಾರದ್ದೇ.

ಎರಡು ಊರಿನಲ್ಲಿ ಎರಡು ಲೋಲಕ, ಅಂದರೆ ಗೋಡೆ ಗಡಿಯಾರದಲ್ಲಿ ಆಚೀಚೆ ತೂಗುವ ಗುಂಡು. ಎರಡಕ್ಕೂ ನಡುವೆ ಒಂದು ತಂತಿ. ಈ ಊರಿನ ಲೋಲಕದ ತುದಿಯಲ್ಲಿ ಒಂದು ಮುಳ್ಳು. ಅದು ಲೋಹದ ಅಚ್ಚಿನ ಅಕ್ಷರಗಳ ಮೇಲೆ ಸವರಿಕೊಂಡು ಹೋಗುತ್ತದೆ. ಉಬ್ಬಿದ ಭಾಗ ತಗುಲಿದಾಗ ತಂತಿಯಲ್ಲಿ ವಿದ್ಯುತ್ ಹರಿಯುತ್ತದೆ, ತಗ್ಗು ಬಂದಾಗ ನಿಲ್ಲುತ್ತದೆ. ಆ ಊರಿನ ಲೋಲಕದ ಮುಳ್ಳು ರಾಸಾಯನಿಕದಲ್ಲಿ ನೆನೆಸಿದ ಕಾಗದದ ಮೇಲೆ ತೂಗುತ್ತಿರುತ್ತದೆ. ವಿದ್ಯುತ್ ಬಂದ ಕಡೆ ಕಾಗದದ ಬಣ್ಣ ಬದಲಾಗುತ್ತದೆ. ಪ್ರತಿ ತೂಗಿಗೂ ಒಂದು ಗೆರೆ ಕೆಳಗೆ ಸರಿದರೆ, ಗೆರೆ ಗೆರೆ ಸೇರಿ ಅಕ್ಷರ ಮೂಡುತ್ತದೆ. 1843ರ ಮೇ 27ರಂದು ಬೇನ್ ಇದಕ್ಕೆ ಪೇಟೆಂಟ್ ಪಡೆದ.

ಇಂದಿನ ಸ್ಕ್ಯಾನರ್ ಮಾಡುವುದೂ ಇದನ್ನೇ. ಪುಟವನ್ನು ತೆಳು ಗೆರೆಗಳಾಗಿ ಸೀಳುವುದು, ಪ್ರತಿ ಗೆರೆಯಲ್ಲಿ ಎಲ್ಲಿ ಕಪ್ಪು, ಎಲ್ಲಿ ಬಿಳಿ ಎಂದು ಹೇಳುವುದು.

ಆದರೆ ಒಂದು ತೊಡಕಿತ್ತು. ಎರಡು ಲೋಲಕಗಳು ಒಂದೇ ತಾಳಕ್ಕೆ ತೂಗಬೇಕು. ಒಂದು ಸ್ವಲ್ಪ ಹಿಂದೆ ಬಿದ್ದರೂ ಅಕ್ಷರ ಓರೆಯಾಗುತ್ತದೆ. ಇನ್ನೂ ತಪ್ಪಿದರೆ ಗುರುತೇ ಸಿಗುವುದಿಲ್ಲ. ಫ್ರೆಡರಿಕ್ ಬೇಕ್‌ವೆಲ್ ಎಂಬ ಇನ್ನೊಬ್ಬ ಲೋಲಕದ ಬದಲು ತಿರುಗುವ ಉರುಳೆ ಬಳಸಿ, 1851ರ ಲಂಡನ್ ಮಹಾ ಪ್ರದರ್ಶನದಲ್ಲಿ ಯಂತ್ರ ತೋರಿಸಿದ. ಅವನಿಗೂ ಕಾಡಿದ್ದು ಇದೇ ತಾಳ.

ಸಹಿ ಕಳಿಸಿದ ಪಾದ್ರಿ

ತಾಳ ಕೂಡಿಸಿ ವ್ಯಾಪಾರಕ್ಕೆ ಇಳಿಸಿದವನು ಜಿಯೊವಾನಿ ಕ್ಯಾಸೆಲ್ಲಿ ಎಂಬ ಇಟಲಿಯ ಪಾದ್ರಿ. ಆಳೆತ್ತರಕ್ಕೂ ಮೀರಿದ ಕಬ್ಬಿಣದ ಚೌಕಟ್ಟು, ಅದರಲ್ಲಿ ಭಾರವಾದ ಲೋಲಕ. ಯಂತ್ರದ ಹೆಸರು ಪ್ಯಾಂಟೆಲಿಗ್ರಾಫ್. ಫ್ರಾನ್ಸಿನ ಚಕ್ರವರ್ತಿ ಮೂರನೇ ನೆಪೋಲಿಯನ್ ಬೆಂಬಲಕ್ಕೆ ನಿಂತ. 1865ರಲ್ಲಿ ಪ್ಯಾರಿಸ್ ಮತ್ತು ಲಿಯೋನ್ ನಗರಗಳ ನಡುವೆ ಸಾರ್ವಜನಿಕ ಸೇವೆ ಶುರುವಾಯಿತು.

ಜನ ಅದರಲ್ಲಿ ಹೆಚ್ಚಾಗಿ ಕಳಿಸಿದ್ದು ಪ್ರೇಮಪತ್ರವನ್ನೂ ಅಲ್ಲ, ಚಿತ್ರವನ್ನೂ ಅಲ್ಲ, ಬ್ಯಾಂಕ್ ವ್ಯವಹಾರದ ಸಹಿಯನ್ನು. ಟೆಲಿಗ್ರಾಮಿನಲ್ಲಿ 'ಹಣ ಕೊಡಿ' ಎಂದು ಯಾರು ಬೇಕಾದರೂ ಹೊಡೆಸಬಹುದು. ಸಹಿ ಬಂದರೆ ಆ ಮಾತೇ ಬೇರೆ. ಫ್ಯಾಕ್ಸ್ ಹುಟ್ಟಿನಿಂದಲೂ ಜನ ಅದರಿಂದ ಬಯಸಿದ್ದು ವೇಗದ ಜತೆ ಖಾತರಿಯನ್ನು ಎಂಬುದನ್ನು ಇಲ್ಲಿ ಗಮನಿಸಬೇಕು.

1870ರಲ್ಲಿ ಫ್ರಾನ್ಸ್ ಮತ್ತು ಪ್ರಷ್ಯಾ ನಡುವೆ ಯುದ್ಧ ಬಂತು. ಪ್ಯಾಂಟೆಲಿಗ್ರಾಫ್ ಕತೆ ಅಲ್ಲಿಗೆ ಮುಗಿಯಿತು.

ಪತ್ರಿಕೆಗಳ ಕೈಗೆ

ಮುಂದಿನ ತಿರುವು ಬೆಳಕಿನದು. ಸೆಲೆನಿಯಂ ಎಂಬ ವಸ್ತುವಿನ ಮೇಲೆ ಬೆಳಕು ಬಿದ್ದಾಗ ಅದರಲ್ಲಿ ವಿದ್ಯುತ್ ಹೆಚ್ಚು ಸಲೀಸಾಗಿ ಹರಿಯುತ್ತದೆ. ಜರ್ಮನಿಯ ಆರ್ಥರ್ ಕೋರ್ನ್ ಇದನ್ನು ಬಳಸಿ 20ನೇ ಶತಮಾನದ ಮೊದಲ ದಶಕದಲ್ಲಿ ಫೋಟೊಗಳನ್ನೇ ತಂತಿಯಲ್ಲಿ ಕಳಿಸಿದ. ಮುಳ್ಳು ಸವರುವ ಅಗತ್ಯ ಹೋಯಿತು. ಬೆಳಕೇ ಕಣ್ಣಾಯಿತು.

ಇದರ ಲಾಭ ಮೊದಲು ಪಡೆದವರು ಪತ್ರಿಕೆಯವರು. ಅಮೆರಿಕದ ಅಸೋಸಿಯೇಟೆಡ್ ಪ್ರೆಸ್ 1935ರ ಜನವರಿ 1ರಂದು 'ವೈರ್‌ಫೋಟೊ' ಸೇವೆ ಆರಂಭಿಸಿತು. ನಮ್ಮಲ್ಲಿ 'ದಿ ಹಿಂದೂ' ಪತ್ರಿಕೆ 1969ರಲ್ಲಿ ಮದ್ರಾಸಿನಿಂದ ಕೊಯಮತ್ತೂರಿಗೆ, ಮರುವರ್ಷ ಬೆಂಗಳೂರಿಗೆ ಇಡೀ ಪುಟಗಳನ್ನು ಹೀಗೆ ರವಾನಿಸಿ ಅಲ್ಲಲ್ಲೇ ಮುದ್ರಿಸಿತು.

ಇವೆಲ್ಲ ದೊಡ್ಡವರ ಏರ್ಪಾಡು. ಎರಡೂ ತುದಿಯಲ್ಲಿ ಒಂದೇ ಸಂಸ್ಥೆಯ ಜನ, ಹೊಂದುವ ಯಂತ್ರ, ನಡುವೆ ಅದಕ್ಕೇ ಮೀಸಲಾದ ಲೈನು. ಗುರುತಿಲ್ಲದ ಇಬ್ಬರು ಸಾಮಾನ್ಯ ಫೋನ್ ಲೈನಿನಲ್ಲಿ ಕಾಗದ ಕಳಿಸಿಕೊಳ್ಳುವುದು ಇನ್ನೂ ದೂರವಿತ್ತು.

ಒಬ್ಬರ ಭಾಷೆ ಒಬ್ಬರಿಗೆ ತಿಳಿಯದು

1966ರಲ್ಲಿ ಜೆರಾಕ್ಸ್ ಕಂಪನಿ 'ಮ್ಯಾಗ್ನಾಫ್ಯಾಕ್ಸ್ ಟೆಲಿಕಾಪಿಯರ್' ತಂದಿತು. ತೂಕ ಸುಮಾರು 21 ಕಿಲೊ. ಮೇಜಿನ ಮೇಲೆ ಇಡಬಹುದು, ಸಾಮಾನ್ಯ ಫೋನ್ ಲೈನಿನಲ್ಲೇ ಕೆಲಸ ಮಾಡಬಹುದು. ಒಂದು ಪುಟಕ್ಕೆ ಆರು ನಿಮಿಷ ಬೇಕು.

ಬೇರೆ ಕಂಪನಿಗಳೂ ಬಂದವು. ಆದರೆ ಒಂದು ಕಂಪನಿಯ ಯಂತ್ರದ ಮಾತು ಇನ್ನೊಂದಕ್ಕೆ ತಿಳಿಯುತ್ತಿರಲಿಲ್ಲ. ಬೇನ್‌ನ ಲೋಲಕಗಳ ಸಮಸ್ಯೆಯೇ ಬೇರೆ ವೇಷದಲ್ಲಿ ಬಂದಿತ್ತು. ಜಿನೀವಾದಲ್ಲಿರುವ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಇದಕ್ಕೆ ನಿಯಮ ಬರೆಯಲು ಕುಳಿತಿತು. 1968ರ ಮೊದಲ ನಿಯಮ 'ಗ್ರೂಪ್ 1', ಪುಟಕ್ಕೆ ಆರು ನಿಮಿಷ. 1976ರ 'ಗ್ರೂಪ್ 2', ಪುಟಕ್ಕೆ ಮೂರು ನಿಮಿಷ. 1980ರಲ್ಲಿ ಬಂದದ್ದು 'ಗ್ರೂಪ್ 3', ಪುಟಕ್ಕೆ ಒಂದು ನಿಮಿಷ ಅಥವಾ ಅದಕ್ಕೂ ಕಡಿಮೆ. ನಮ್ಮ ಬೂತ್‌ಗಳಲ್ಲಿ ಕಿರುಗುಟ್ಟಿದ್ದು ಈ ಮೂರನೆಯದು.

ಈ ಕೆಲಸದಲ್ಲಿ ಜಪಾನಿನವರು ಮುಂದೆ ನಿಂತರು. ಅದಕ್ಕೆ ಕಾರಣ ಅವರ ಲಿಪಿ. ಇಂಗ್ಲಿಷಿಗೆ 26 ಅಕ್ಷರ. ಜಪಾನಿಗಳಿಗೆ ದಿನಬಳಕೆಗೇ ಸಾವಿರಾರು. ಕೀಲಿಮಣೆಯ ಟೆಲೆಕ್ಸ್ ಯಂತ್ರದಲ್ಲಿ ಅವನ್ನೆಲ್ಲ ಹೊಡೆಯುವುದು ಆಗದ ಮಾತು. ಫ್ಯಾಕ್ಸ್‌ಗೆ ಲಿಪಿಯೇ ಗೊತ್ತಿಲ್ಲ. ಅದಕ್ಕೆ ಕಾಣುವುದು ಕಪ್ಪು ಚುಕ್ಕಿ, ಬಿಳಿ ಚುಕ್ಕಿ ಅಷ್ಟೆ. ಕೈಯಲ್ಲಿ ಬರೆದದ್ದು, ಮೊಹರು, ಸಹಿ, ನಕಾಶೆ ಎಲ್ಲವೂ ಒಂದೇ.

ಕನ್ನಡಕ್ಕೂ ಇದರಿಂದ ಅದೇ ಅನುಕೂಲವಾಯಿತು. ಟೆಲಿಪ್ರಿಂಟರ್‌ನಲ್ಲಿ ಸುದ್ದಿಸಂಸ್ಥೆಗಳ ಸುದ್ದಿ ಇಂಗ್ಲಿಷಿನಲ್ಲಿ ಬರುತ್ತಿತ್ತು. ಕನ್ನಡ ಪತ್ರಿಕೆಗಳ ಡೆಸ್ಕಿನಲ್ಲಿ ಕುಳಿತವರು ಅದನ್ನು ಅನುವಾದಿಸುತ್ತಿದ್ದರು. ತಾಲ್ಲೂಕಿನ ವರದಿಗಾರ ಕನ್ನಡದಲ್ಲಿ ಬರೆದದ್ದನ್ನು ಕವರಿಗೆ ಹಾಕಿ ಬಸ್ ಡ್ರೈವರ್ ಕೈಗೆ ಕೊಡುತ್ತಿದ್ದ. ಬಸ್ ಕೆಟ್ಟರೆ ಸುದ್ದಿಯೂ ಕೆಟ್ಟಿತು. ಫ್ಯಾಕ್ಸ್ ಬಂದ ಮೇಲೆ ಒತ್ತಕ್ಷರ, ಗುಣಿತ, ಅವಸರದ ಕೈಬರಹ ಎಲ್ಲವೂ ಇದ್ದ ಹಾಗೇ ಬೆಂಗಳೂರು, ಹುಬ್ಬಳ್ಳಿಯ ಡೆಸ್ಕ್ ಮುಟ್ಟುವಂತಾಯಿತು.

ಆ ಸದ್ದಿನ ಅರ್ಥ

ಫೋನ್ ಲೈನ್ ಮಾಡಿದ್ದು ಮನುಷ್ಯರ ಮಾತಿಗಾಗಿ. ಸುಮಾರು 300ರಿಂದ 3,400 ಹರ್ಟ್ಜ್‌ವರೆಗಿನ ಸದ್ದನ್ನು ಮಾತ್ರ ಅದು ಹೊರುತ್ತದೆ. ಹರ್ಟ್ಜ್ ಎಂದರೆ ಸೆಕೆಂಡಿಗೆ ಎಷ್ಟು ಸಲ ಕಂಪನ ಎಂಬ ಲೆಕ್ಕ. ಕಾಗದವನ್ನು ಈ ಲೈನಿನಲ್ಲಿ ಕಳಿಸಬೇಕೆಂದರೆ ಅದನ್ನು ಸದ್ದಾಗಿ ಮಾಡಲೇಬೇಕು. ಹಾಗಾಗಿಯೇ ಫ್ಯಾಕ್ಸ್ ಕಿರುಚುತ್ತದೆ. ಆ ಕಿರುಚಾಟಕ್ಕೆ ಒಂದು ಕ್ರಮವಿದೆ.

ಮೊದಲು, ಫೋನ್ ಮಾಡಿದ ಯಂತ್ರ ಮೂರು ಸೆಕೆಂಡಿಗೊಮ್ಮೆ ಅರ್ಧ ಸೆಕೆಂಡಿನ ಸೀಟಿ ಹೊಡೆಯುತ್ತದೆ. 1,100 ಹರ್ಟ್ಜ್‌ನ ಸ್ವರ. 'ನಾನು ಮನುಷ್ಯನಲ್ಲ, ಫ್ಯಾಕ್ಸ್ ಯಂತ್ರ' ಎಂದು ಅದರ ಅರ್ಥ. ಫ್ಯಾಕ್ಸ್ ನಂಬರಿನಿಂದ ಬಂದ ಕರೆಯನ್ನು ಕೈಯಾರೆ ಎತ್ತಿ 'ಹಲೋ' ಎಂದವರ ಕಿವಿಗೆ ಬಿದ್ದ ಕುಂಯ್ ಕುಂಯ್ ಇದೇ.

ಆ ಕಡೆಯ ಯಂತ್ರ ಕರೆ ಎತ್ತಿಕೊಂಡು ಸುಮಾರು ಮೂರು ಸೆಕೆಂಡು 2,100 ಹರ್ಟ್ಜ್‌ನ ಸೀಟಿ ಹೊಡೆಯುತ್ತದೆ. 'ನಾನೂ ಫ್ಯಾಕ್ಸೇ' ಎಂಬ ಉತ್ತರ. ಇದಕ್ಕೆ ಇನ್ನೊಂದು ಕೆಲಸವೂ ಇದೆ. ದೂರದ ಕರೆಗಳಲ್ಲಿ ನಮ್ಮ ದನಿ ನಮಗೇ ಮಾರ್ದನಿಯಾಗಿ ಕೇಳದಿರಲಿ ಎಂದು ಲೈನಿನಲ್ಲಿ ಉಪಕರಣ ಕೂರಿಸಿರುತ್ತಾರೆ. ಯಂತ್ರಗಳ ಮಾತಿಗೆ ಅದು ಅಡ್ಡಿ. 2,100 ಹರ್ಟ್ಜ್‌ನ ಸೀಟಿ ಕೇಳಿದರೆ ಅದು ಆ ಕರೆಯ ಮಟ್ಟಿಗೆ ಸುಮ್ಮನಾಗುತ್ತದೆ.

ಇನ್ನು ಪರಿಚಯ. ಎತ್ತಿಕೊಂಡ ಯಂತ್ರ ತನ್ನ ಜಾತಕ ಹೇಳುತ್ತದೆ: ನನ್ನ ನಂಬರ್ ಇದು, ಇಷ್ಟು ವೇಗ ತಾಳಬಲ್ಲೆ, ನನ್ನ ಕಾಗದದ ಅಗಲ ಇಷ್ಟು, ಇಂಥ ಸಂಕ್ಷೇಪ ಲಿಪಿ ಬರುತ್ತದೆ. ಈ ಮಾತುಕತೆ ಬೇಕೆಂದೇ ನಿಧಾನ, ಸೆಕೆಂಡಿಗೆ 300 ಬಿಟ್. ಬಿಟ್ ಅಂದರೆ ಒಂದು ಅಥವಾ ಸೊನ್ನೆ. 1,650 ಹರ್ಟ್ಜ್ ಸ್ವರ ಬಂದರೆ ಒಂದು, 1,850 ಬಂದರೆ ಸೊನ್ನೆ. ಎಂಥ ಕೆಟ್ಟ ಲೈನಿನಲ್ಲೂ ಪರಿಚಯದ ಮಾತು ತಪ್ಪಬಾರದೆಂದು ಈ ನಿಧಾನ.

ಕರೆ ಮಾಡಿದ ಯಂತ್ರ ಅದನ್ನು ಕೇಳಿ, ಇಬ್ಬರಿಗೂ ಒಗ್ಗುವುದನ್ನು ಆರಿಸುತ್ತದೆ: 'ಹಾಗಾದರೆ ಸೆಕೆಂಡಿಗೆ 9,600 ಬಿಟ್ ವೇಗದಲ್ಲಿ ಕಳಿಸುತ್ತೇನೆ.' ಹಾಗೆಂದು ತಕ್ಷಣ ಕಳಿಸುವುದಿಲ್ಲ. ಮೊದಲು ಒಂದೂವರೆ ಸೆಕೆಂಡು ಬರೀ ಸೊನ್ನೆಗಳನ್ನು ಅದೇ ವೇಗದಲ್ಲಿ ಕಳಿಸಿ ನೋಡುತ್ತದೆ. ಮೊದಲು ಕೇಳುವ ಗರಗರದಲ್ಲಿ ಈ ಪರೀಕ್ಷೆಯೂ ಸೇರಿದೆ. ಸೊನ್ನೆಗಳು ಸೊನ್ನೆಯಾಗಿಯೇ ಮುಟ್ಟಿದರೆ ಆ ಕಡೆಯಿಂದ 'ಸರಿ, ಕಳಿಸಿ' ಎಂಬ ಉತ್ತರ. ಕೆಟ್ಟು ಮುಟ್ಟಿದರೆ 'ಆಗಲಿಲ್ಲ'. ಆಗ 9,600ರಿಂದ 7,200, ಆಮೇಲೆ 4,800, ಕೊನೆಗೆ 2,400ಕ್ಕೆ ಇಳಿಯುತ್ತದೆ. ಹೊಸ ಯಂತ್ರಗಳು 14,400ರಿಂದ ಶುರುಮಾಡುತ್ತಿದ್ದವು.

ಮಳೆಗಾಲದಲ್ಲಿ ಕಂಬದ ತಂತಿಗೆ ನೀರು ಇಳಿದಾಗ ಒಂದೇ ಪುಟಕ್ಕೆ ಹೆಚ್ಚು ಹೊತ್ತು ಹಿಡಿಯುತ್ತಿದ್ದದ್ದು ಇದರಿಂದ. ಯಂತ್ರ ಕೆಟ್ಟಿರಲಿಲ್ಲ. ಲೈನ್ ನೋಡಿ ವೇಗ ಇಳಿಸಿಕೊಂಡಿತ್ತು. ಎಸ್‌ಟಿಡಿ ಮೀಟರ್ ಮಾತ್ರ ಓಡುತ್ತಲೇ ಇರುತ್ತಿತ್ತು.

ಇಲ್ಲಿ ಇಬ್ಬರೂ ಒಟ್ಟಿಗೆ ಮಾತಾಡುವುದಿಲ್ಲ. ಒಬ್ಬರು ಹೇಳುವಾಗ ಇನ್ನೊಬ್ಬರು ಸುಮ್ಮನಿರುತ್ತಾರೆ. ಪುಟ ಮುಗಿದೊಡನೆ ಮತ್ತೆ ನಿಧಾನದ ಮಾತಿಗೆ ಇಳಿದು 'ಪುಟ ಮುಗಿಯಿತು, ಇನ್ನೊಂದಿದೆ' ಅಥವಾ 'ಇಷ್ಟೇ' ಎನ್ನುತ್ತದೆ ಕಳಿಸುವ ಯಂತ್ರ. ಆ ಕಡೆಯದು 'ಬಂತು' ಎನ್ನಬೇಕು. ತುಂಬ ಗೆರೆಗಳು ಕೆಟ್ಟಿದ್ದರೆ 'ಸರಿಯಾಗಿ ಬರಲಿಲ್ಲ' ಎನ್ನುತ್ತದೆ. ಮುಂದೆ ಬಂದ ಸುಧಾರಣೆಯಲ್ಲಿ ಪುಟವನ್ನು ಸಣ್ಣ ತುಂಡು ಮಾಡಿ, ಕೆಟ್ಟ ತುಂಡನ್ನು ಮಾತ್ರ ಮತ್ತೆ ಕೇಳಿ ಪಡೆಯುವ ಏರ್ಪಾಡೂ ಸೇರಿತು. ಎಲ್ಲ ಮುಗಿದ ಮೇಲೆ 'ಬರುತ್ತೇನೆ' ಎಂದು ಫೋನ್ ಇಡುತ್ತದೆ. 'ಓಕೆ' ಚೀಟಿ ಹೊರಬೀಳುವುದು ಆಗ.

ಇಪ್ಪತ್ತು ಲಕ್ಷ ಚುಕ್ಕಿ, ಒಂದು ನಿಮಿಷ

ಈಗ ಪುಟದ ಲೆಕ್ಕ ನೋಡೋಣ. ಗ್ರೂಪ್ 3 ನಿಯಮದಂತೆ ಒಂದು ಗೆರೆಗೆ 1,728 ಚುಕ್ಕಿ. ಒಂದು ಮಿಲಿಮೀಟರ್ ಉದ್ದಕ್ಕೆ 3.85 ಗೆರೆ. ಎ4 ಕಾಗದದ ಉದ್ದ 297 ಮಿಲಿಮೀಟರ್. ಅಂದರೆ ಒಂದು ಪುಟಕ್ಕೆ ಸುಮಾರು 1,143 ಗೆರೆ, ಒಟ್ಟು 19.75 ಲಕ್ಷ ಚುಕ್ಕಿ. ಚುಕ್ಕಿಗೊಂದು ಬಿಟ್‌ನಂತೆ 9,600ರ ವೇಗದಲ್ಲಿ ಕಳಿಸಿದರೆ ಸುಮಾರು ಮೂರೂವರೆ ನಿಮಿಷ ಬೇಕು.

ಒಂದು ನಿಮಿಷಕ್ಕೆ ಇಳಿದದ್ದು ಹೇಗೆ? ಅರ್ಜಿಯ ಪುಟವೊಂದನ್ನು ನೋಡಿ. ಬಹುಪಾಲು ಬಿಳಿ. ಸಾಲುಗಳ ನಡುವೆ ಖಾಲಿ, ಅಂಚಿನಲ್ಲಿ ಖಾಲಿ. 'ಬಿಳಿ, ಬಿಳಿ, ಬಿಳಿ' ಎಂದು 1,728 ಸಲ ಹೇಳುವ ಬದಲು 'ಈ ಗೆರೆ ಪೂರ್ತಿ ಬಿಳಿ' ಎಂದರೆ ಮುಗಿಯಿತು. ಹೆಚ್ಚು ಸಲ ಬರುವ ಅಳತೆಗೆ ಚಿಕ್ಕ ಸಂಕೇತ, ಅಪರೂಪಕ್ಕೆ ಬರುವುದಕ್ಕೆ ಉದ್ದ ಸಂಕೇತ. ಈ ಲೆಕ್ಕಾಚಾರ ಡೇವಿಡ್ ಹಫ್‌ಮನ್ ಎಂಬ ಅಮೆರಿಕದ ವಿದ್ಯಾರ್ಥಿಯದು. ಪರೀಕ್ಷೆ ಬರೆಯುವ ಬದಲು ಪ್ರಬಂಧ ಕೊಡಬಹುದು ಎಂದು ಮೇಷ್ಟ್ರು ಹೇಳಿದ್ದಕ್ಕೆ ಅವನು ಕೈಹಾಕಿದ ಸಮಸ್ಯೆ ಇದು. 1952ರಲ್ಲಿ ಪ್ರಕಟವಾಯಿತು. ಇದರ ಪ್ರಕಾರ ಒಂದು ಖಾಲಿ ಗೆರೆ 17 ಬಿಟ್‌ಗಳಲ್ಲಿ ಮುಗಿಯುತ್ತದೆ. ಗೆರೆ ಮುಗಿಯಿತೆಂಬ ಗುರುತಿಗೆ ಇನ್ನು 12.

ಒತ್ತೊತ್ತಾಗಿ ಬರೆದ ಪುಟ, ಫೋಟೊ ಇರುವ ಪುಟ ನಿಧಾನವಾಗಿ ಹೋಗುತ್ತಿದ್ದದ್ದೂ ಇದರಿಂದಲೇ. ಖಾಲಿ ಜಾಗ ಹೆಚ್ಚಿದ್ದಷ್ಟೂ ಬಿಲ್ ಕಡಿಮೆ.

ಆ ಕಡೆ ಕಾಗದದ ಮೇಲೆ ಮೂಡುತ್ತಿದ್ದದ್ದು ಹೆಚ್ಚಿನ ಅಗ್ಗದ ಯಂತ್ರಗಳಲ್ಲಿ ಶಾಯಿಯಲ್ಲ, ಬಿಸಿಯಿಂದ. ಕಾವು ತಗುಲಿದ ಕಡೆ ಕಪ್ಪಾಗುವ ಥರ್ಮಲ್ ಕಾಗದ, ಇಂದಿನ ಬಸ್ ಟಿಕೆಟ್, ಎಟಿಎಂ ಚೀಟಿಯ ಹಾಗೆ. ಬಿಸಿಲಿಗೆ ಬಿಟ್ಟರೆ ಅಕ್ಷರ ಮಾಸುತ್ತಿತ್ತು. ಅದಕ್ಕೇ ಮುಖ್ಯವಾದ ಫ್ಯಾಕ್ಸ್ ಬಂದರೆ ಮೊದಲು ಜೆರಾಕ್ಸ್ ಮಾಡಿಸಿ ಇಡುತ್ತಿದ್ದರು.

ನಮ್ಮ ಕಡೆಗೆ ಲೈನ್ ಬಂದದ್ದು

ಯಂತ್ರ ಎಷ್ಟೇ ಜಾಣನಾದರೂ ಲೈನ್ ಇಲ್ಲದಿದ್ದರೆ ಏನೂ ಇಲ್ಲ. ನಮ್ಮ ಹಳ್ಳಿಗಳಲ್ಲಿ ಒಂದು ಕಾಲಕ್ಕೆ ಟ್ರಂಕ್ ಕಾಲ್ ಬುಕ್ ಮಾಡಿ ಗಂಟೆಗಟ್ಟಲೆ ಕಾಯಬೇಕಿತ್ತು. ಫೋನ್ ಯಂತ್ರ ತಯಾರಿಸುವ ಐಟಿಐ ಕಾರ್ಖಾನೆ 1948ರಿಂದ ಬೆಂಗಳೂರಿನಲ್ಲೇ ಇದ್ದರೂ ಹಳ್ಳಿಗೆ ಹೊಂದುವ ಎಕ್ಸ್‌ಚೇಂಜ್ ಇರಲಿಲ್ಲ. ವಿದೇಶಿ ಎಕ್ಸ್‌ಚೇಂಜ್‌ಗಳಿಗೆ ಏರ್‌ಕಂಡಿಷನ್ ಕೋಣೆ ಬೇಕಿತ್ತು.

1984ರಲ್ಲಿ ಕೇಂದ್ರ ಸರ್ಕಾರ ಸಿ-ಡಾಟ್ ಸಂಸ್ಥೆ ಕಟ್ಟಿತು. ಸ್ಯಾಮ್ ಪಿತ್ರೋಡಾ ಅದರ ಹಿಂದಿದ್ದವರು. ಏರ್‌ಕಂಡಿಷನ್ ಇಲ್ಲದೆ, ನಮ್ಮ ಧೂಳು, ಸೆಕೆ ತಡೆದು ನಡೆಯುವ 128 ಲೈನಿನ ಸಣ್ಣ ಗ್ರಾಮೀಣ ಎಕ್ಸ್‌ಚೇಂಜನ್ನು ಅಲ್ಲಿನ ಎಂಜಿನಿಯರರು ರೂಪಿಸಿದರು. ಅದರ ಮೊದಲ ಎಕ್ಸ್‌ಚೇಂಜ್ ಕೂತದ್ದು ನಮ್ಮ ಕಿತ್ತೂರಿನಲ್ಲಿ, 1986ರಲ್ಲಿ. ರಾಣಿ ಚೆನ್ನಮ್ಮನ ಊರಿಗೆ ಈ ಹೆಸರೂ ಇದೆ ಎಂಬುದು ಹೆಚ್ಚು ಜನಕ್ಕೆ ಗೊತ್ತಿಲ್ಲ.

ಆಮೇಲೆ ಹಳದಿ ಬೋರ್ಡಿನ ಎಸ್‌ಟಿಡಿ ಬೂತ್‌ಗಳು ಬಂದವು. ಕೆಲವು ಬೋರ್ಡಿನಲ್ಲಿ 'ಫ್ಯಾಕ್ಸ್' ಎಂಬ ಮಾತೂ ಸೇರಿತು. ರಾತ್ರಿ ಎಸ್‌ಟಿಡಿ ದರ ಕಡಿಮೆ ಎಂದು ತುರ್ತಿಲ್ಲದವರು ಕತ್ತಲಾಗುವವರೆಗೆ ಕಾಯುತ್ತಿದ್ದರು.

'ಓಕೆ' ಚೀಟಿ ಹೇಳದ ಮಾತು

ಈಗ ಮುಖ್ಯ ವಿಷಯಕ್ಕೆ ಬರೋಣ. ಫ್ಯಾಕ್ಸ್‌ನ 'ಓಕೆ' ಚೀಟಿಗೆ ಬೆಲೆ ಇತ್ತು. ಅಂಚೆಯಲ್ಲಿ ಹಾಕಿದ ಮನವಿ ತಲುಪಿತೇ ಎಂದು ತಿಳಿಯಬೇಕಾದರೆ ರಿಜಿಸ್ಟರ್ ಮಾಡಿಸಿ ಸ್ವೀಕೃತಿ ಕಾರ್ಡಿಗೆ ಕಾಯಬೇಕಿತ್ತು. ಫ್ಯಾಕ್ಸ್ ಅಲ್ಲೇ ಹೇಳುತ್ತಿತ್ತು. ಆದರೆ ಅದು ಹೇಳುತ್ತಿದ್ದದ್ದು ಒಂದು ಯಂತ್ರದ ಮಾತನ್ನು ಮಾತ್ರ: ಆ ಕಡೆಯ ಯಂತ್ರ 'ಬಂತು' ಎಂದಿದೆ. ಸಾಹೇಬರು ಓದಿದರೇ, ಗುಮಾಸ್ತರು ಫೈಲಿಗೆ ಸೇರಿಸಿದರೇ ಎಂಬುದು ಅದರಲ್ಲಿ ಇರಲಿಲ್ಲ. ಆ ಕಡೆ ಕರೆ ಎತ್ತುವ ಯಂತ್ರವೇ ಇಲ್ಲದಿದ್ದರೆ ಚೀಟಿಯೂ ಇಲ್ಲ.

2018ರ ನವೆಂಬರ್ 21ರಂದು ಇಡೀ ದೇಶ ಇದನ್ನು ನೋಡಿತು. ಜಮ್ಮು ಮತ್ತು ಕಾಶ್ಮೀರದಲ್ಲಿ ಸರ್ಕಾರ ರಚಿಸಲು ಅವಕಾಶ ಕೋರಿ ಮೆಹಬೂಬಾ ಮುಫ್ತಿ ಬರೆದ ಪತ್ರವನ್ನು ರಾಜಭವನಕ್ಕೆ ಫ್ಯಾಕ್ಸ್ ಮಾಡಲು ಹೊರಟರೆ ಅದು ಹೋಗಲಿಲ್ಲ ಎಂದು ಅವರೇ ಹೇಳಿದರು. ಅದೇ ರಾತ್ರಿ ರಾಜ್ಯಪಾಲ ಸತ್ಯಪಾಲ್ ಮಲಿಕ್ ವಿಧಾನಸಭೆ ವಿಸರ್ಜಿಸಿದರು. ಅಂದು ಈದ್ ರಜೆ, ಕಚೇರಿಯಲ್ಲಿ ಫ್ಯಾಕ್ಸ್ ನೋಡಲು ಯಾರೂ ಇರಲಿಲ್ಲ ಎಂಬುದು ಅವರ ವಿವರಣೆ. ಯಾರು ಸರಿ, ಯಾರು ತಪ್ಪು ಎಂಬುದು ಇಲ್ಲಿ ನಮ್ಮ ವಿಷಯವಲ್ಲ. ಒಂದು ರಾಜ್ಯದ ಸರ್ಕಾರದ ಪ್ರಶ್ನೆಯೂ ಆ ಕಡೆಯ 'ಬಂತು' ಎಂಬ ಒಂದು ಮಾತಿಗೆ ತೂಗಿಬಿದ್ದಿತ್ತು.

ಇಂದು ಫ್ಯಾಕ್ಸ್ ನಮ್ಮಲ್ಲಿ ಬಹುತೇಕ ಮುಗಿದಿದೆ. ಮೊಬೈಲ್ ಜಾಲಗಳು ಮನುಷ್ಯರ ಮಾತನ್ನು ಹಿಂಡಿ ಚಿಕ್ಕದು ಮಾಡಿ ಕಳಿಸುತ್ತವೆ. ಮಾತು ಅರ್ಥವಾದರೆ ಸಾಕೆಂಬುದು ಅವುಗಳ ಲೆಕ್ಕ. ಫ್ಯಾಕ್ಸ್‌ನ ಸದ್ದು ಆ ಹಿಂಡುವಿಕೆಯಲ್ಲಿ ಕೆಟ್ಟುಹೋಗುತ್ತದೆ. ಜಪಾನಿನಲ್ಲಿ ಮಾತ್ರ 2020ರಲ್ಲಿ ಕೋವಿಡ್ ಬಂದಾಗಲೂ ಆಸ್ಪತ್ರೆಗಳು ಕೈಯಲ್ಲಿ ತುಂಬಿದ ನಮೂನೆಗಳನ್ನು ಆರೋಗ್ಯ ಕಚೇರಿಗಳಿಗೆ ಫ್ಯಾಕ್ಸ್ ಮಾಡುತ್ತಿದ್ದವು. ಅದಕ್ಕೆ ಅಲ್ಲಿ ಸಾಕಷ್ಟು ಟೀಕೆಯೂ ಬಂತು.

ಯಂತ್ರ ಹೋದರೂ ಕ್ರಮ ಹೋಗಿಲ್ಲ. ನಿಮ್ಮ ಮೊಬೈಲ್ ವೈಫೈಗೆ ಸೇರುವಾಗ ಇದೇ ರೀತಿ ಪರಿಚಯ ಮಾಡಿಕೊಳ್ಳುತ್ತದೆ, ವೇಗ ಗೊತ್ತುಮಾಡಿಕೊಳ್ಳುತ್ತದೆ, ಸಿಗ್ನಲ್ ಕೆಟ್ಟರೆ ವೇಗ ಇಳಿಸುತ್ತದೆ. ಸದ್ದು ಕೇಳುವುದಿಲ್ಲ ಅಷ್ಟೆ. ವಾಟ್ಸ್‌ಆಪ್‌ನ ಎರಡು ಟಿಕ್ ಕೂಡ ಹಳೆಯ 'ಓಕೆ' ಚೀಟಿಯೇ. ಆ ಕಡೆಯ ಫೋನಿಗೆ ಮುಟ್ಟಿತು ಎಂದಷ್ಟೇ ಅದರ ಅರ್ಥ.

ಹಾಗಾಗಿ ಪಂಚಾಯಿತಿಗೋ ತಹಶೀಲ್ದಾರ್ ಕಚೇರಿಗೋ ಮನವಿ ಕಳಿಸುವವರಿಗೆ ನಾವು ಹೇಳುವುದು ಇಷ್ಟು. ವಾಟ್ಸ್‌ಆಪ್ ಮಾಡಿ, ಇಮೇಲ್ ಮಾಡಿ, ಬೇಡ ಎನ್ನುವುದಿಲ್ಲ. ಅದರ ಜತೆಗೆ ಒಂದು ಪ್ರತಿಯನ್ನು ಟಪಾಲು ವಿಭಾಗದಲ್ಲಿ ಕೊಟ್ಟು, ಇನ್ನೊಂದು ಪ್ರತಿಯ ಮೇಲೆ ಸೀಲು, ತಾರೀಖು, ಸಹಿ ಹಾಕಿಸಿಕೊಂಡು ಮನೆಯಲ್ಲಿಡಿ. 'ಬಂತು' ಎಂದು ಯಂತ್ರ ಹೇಳಿದರೆ ಸಾಲದು, ಮನುಷ್ಯರೂ ಹೇಳಬೇಕು.